ಕೊಳವೆ ಬೇಡ, ಕೊಳವೇ ಸಾಕೆಂದ ಊರು

ರಾತ್ರಿ ಹನ್ನೊಂದರ ಸುಮಾರಿಗೆ ಹೋಟೆಲಿನ ಮುಂಬಾಗಿಲನ್ನು ಅರ್ಧ ಎಳೆದು, ಗಲ್ಲೆಯ ಲೆಕ್ಕ ಮುಗಿದು, ಭಟ್ಟರು ಒಲೆಯ ಮುಂದಿನಿಂದ ಎದ್ದ ಮೇಲೂ ಹಿಂಬದಿಯ ಮೋರಿಯಲ್ಲಿ ಕೆಲಸ ನಡೆದೇ ಇರುತ್ತದೆ. ಸಾಂಬಾರಿನ ಜಿಡ್ಡು, ಹಿಟ್ಟಿನ ಪಾತ್ರೆ ತೊಳೆದ ಬಿಳಿಯ ನೀರು, ಕಾಫಿಯ ಚರಟ, ಸಾಬೂನಿನ ನೊರೆ, ಎಲ್ಲವೂ ಒಂದೇ ಕಂಡಿಯಿಂದ ಇಳಿದು ಕತ್ತಲೆಗೆ ಸೇರುತ್ತವೆ. ಸರಾಗವಾಗಿ ಇಳಿದಷ್ಟು ಹೊತ್ತು ಆ ನೀರಿನ ಗೊಡವೆ ಯಾರಿಗೂ ಇಲ್ಲ. ಒಂದು ದಿನ ಕಟ್ಟಿಕೊಂಡಿತೆಂದರೆ ಮಾತ್ರ ಧಣಿಗಳಿಂದ ಹಿಡಿದು ಮಾಣಿಯವರೆಗೆ ಎಲ್ಲರೂ ಆ ಕಂಡಿಯ ಸುತ್ತ ನೆರೆಯುತ್ತಾರೆ. ನೀರು ಮತ್ತೆ ಇಳಿಯತೊಡಗಿದೊಡನೆ ಮರೆವೂ ಇಳಿದು ಬರುತ್ತದೆ.

ಮನೆಯ ಮೋರಿಯ ವಿಷಯದಲ್ಲಿ ಮನುಷ್ಯನ ಸ್ವಭಾವವು ಹೇಗೋ ಊರಿನ ಮೋರಿಯ ವಿಷಯದಲ್ಲಿ ಪುರಸಭೆಗಳ ಸ್ವಭಾವವೂ ಹಾಗೆಯೇ. ಕಣ್ಣಿಗೆ ಕಾಣದಂತೆ ದೂರಕ್ಕೆ ಸಾಗಿಸಿಬಿಟ್ಟರೆ ಕರ್ತವ್ಯ ಮುಗಿಯಿತೆಂಬ ಭಾವನೆ ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಸಣ್ಣ ಪಟ್ಟಣವು, ತನ್ನ ಕೊಳಚೆಯನ್ನು ದೂರಕ್ಕೆ ಸಾಗಿಸುವ ಭಾರಿ ಕೊಳವೆಯನ್ನು ಸರಕಾರವೇ ಕೊಡಲು ಮುಂದೆ ಬಂದಾಗ, ಅದು ಬೇಡವೆಂದು ಹೇಳಿತು. ನಮ್ಮ ಊರಿನ ನೀರು ನಮ್ಮಲ್ಲಿಯೇ ಇರಲಿ, ನಮ್ಮ ಕೊಳಗಳಲ್ಲಿಯೇ ಅದು ಶುದ್ಧವಾಗಲಿ ಎಂದು ಹಟ ಹಿಡಿಯಿತು. ಹಲವು ವರ್ಷಗಳ ವಾದ ವಿವಾದಗಳ ನಂತರ ಆ ಹಟವೇ ಗೆದ್ದಿತು. ಅದರ ಕತೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಪಟ್ಟಣದ ಹೆಸರು ಆರ್ಕೇಟ. ಕ್ಯಾಲಿಫೋರ್ನಿಯ ಸಂಸ್ಥಾನದ ಉತ್ತರ ಭಾಗದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಸುಮಾರು 450 ಕಿಲೋಮೀಟರು ದೂರದಲ್ಲಿ, ಹಂಬೋಲ್ಟ್ ಎಂಬ ಕೊಲ್ಲಿಯ ದಡದಲ್ಲಿ ಇದು ಇದೆ. 2020ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಹತ್ತೊಂಬತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ನಮ್ಮ ಕಡೆಯ ಒಂದು ತಾಲೂಕು ಕೇಂದ್ರದಷ್ಟೂ ದೊಡ್ಡದಲ್ಲ. ಸುತ್ತಲೂ ರೆಡ್‌ವುಡ್ ಎಂಬ ಮುಗಿಲೆತ್ತರದ ಮರಗಳ ಕಾಡು. ಆ ಮರಗಳನ್ನು ಕೊಯ್ಯುವ ಮಿಲ್ಲುಗಳೇ ಒಂದು ಕಾಲಕ್ಕೆ ಊರಿನ ಜೀವಾಳವಾಗಿದ್ದುವು. ಕೊಲ್ಲಿಯಲ್ಲಿ ಓಯ್ಸ್ಟರ್ ಎಂಬ ಸಿಂಪಿಯ ಸಾಕಣೆ ಇಂದಿಗೂ ದೊಡ್ಡ ಉದ್ಯಮ. ನಮ್ಮ ಕರಾವಳಿಯವರು ಇಷ್ಟಪಡುವ ಮರುವಾಯಿಗೆ ಅದು ದೂರದ ನಂಟ. ಸುತ್ತಲಿನ ನೀರನ್ನೇ ಸೋಸಿ ಬದುಕುವ ಪ್ರಾಣಿಯಾದುದರಿಂದ, ಆ ನೀರಿನಲ್ಲಿ ಕೊಳಚೆಯ ರೋಗಾಣುಗಳಿದ್ದರೆ ಅವು ಅದರ ಮೈಯಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಕೊಲ್ಲಿಯ ನೀರು ಕೆಟ್ಟರೆ ಈ ಊರಿನಲ್ಲಿ ಹಲವರ ಅನ್ನ ಕೆಟ್ಟಂತೆಯೇ.

ಇತರ ಅನೇಕ ಊರುಗಳಂತೆ ಆರ್ಕೇಟವೂ ಬಹುಕಾಲ ತನ್ನ ಕೊಳಚೆಯನ್ನು ನೇರವಾಗಿ ಕೊಲ್ಲಿಗೇ ಬಿಡುತ್ತಿದ್ದಿತು. 1940ರ ದಶಕದ ಕೊನೆಯಲ್ಲಿ ಕಸವನ್ನು ತಡೆದು ಕೆಸರನ್ನು ತಳಕ್ಕೆ ಇಳಿಸುವ ತೊಟ್ಟಿಗಳು ಬಂದುವು. 1950ರ ದಶಕದ ಉತ್ತರಾರ್ಧದಲ್ಲಿ ಕೊಲ್ಲಿಯ ಅಂಚಿನ ಕೆಸರುಭೂಮಿಗೆ ಒಡ್ಡು ಹಾಕಿ ಸುಮಾರು 50 ಎಕರೆ ವಿಸ್ತಾರದ ಕೊಳಗಳನ್ನು ಕಟ್ಟಿದರು. ಇಂಗ್ಲಿಷಿನಲ್ಲಿ ಲಗೂನ್ ಎಂದೂ ಆಕ್ಸಿಡೇಷನ್ ಪಾಂಡ್ ಎಂದೂ ಇವನ್ನು ಕರೆಯುತ್ತಾರೆ. ನಾವು ಶುದ್ಧಿಕೊಳಗಳೆನ್ನೋಣ. ಆಗ ಅದರಲ್ಲಿ ಯಾವ ಕೀರ್ತಿಯೂ ಇರಲಿಲ್ಲ. ಅಗ್ಗವೆಂದು ಕಟ್ಟಿದರು, ಅಷ್ಟೆ.

ಕೊಳದೊಳಗಿನ ಪಾಲುದಾರಿಕೆ

ಈ ಕೊಳಗಳಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಮುಂದಿನ ಜಗಳವೆಲ್ಲವೂ ಇದರ ಮೇಲೆ ನಿಂತಿದೆ.

ಕೊಳಚೆ ನೀರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತಲೂ ಹೆಚ್ಚು ಬರಿಯ ನೀರೇ. ಉಳಿದ ಚೂರು ಭಾಗವೇ ಎಲ್ಲ ಉಪದ್ರವಕ್ಕೂ ಕಾರಣ. ಆ ಭಾಗವು ಅಣುಜೀವಿಗಳಿಗೆ ಆಹಾರ. ಅವು ಅದನ್ನು ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡುತ್ತವೆ. ಒಂದು ಲೀಟರು ಕೊಳಚೆಯನ್ನು ಅಣುಜೀವಿಗಳು ಐದು ದಿನ ಉಣ್ಣುವಾಗ ಎಷ್ಟು ಮಿಲಿಗ್ರಾಂ ಆಮ್ಲಜನಕವು ವ್ಯಯವಾಗುವುದೋ ಅದೇ ಕೊಳಚೆಯ ಬಲವನ್ನು ಅಳೆಯುವ ಮಾನ. ಸಾಮಾನ್ಯ ಪಟ್ಟಣದ ಕೊಳಚೆಗೆ ಇದು ಇನ್ನೂರರಿಂದ ಮುನ್ನೂರು ಮಿಲಿಗ್ರಾಂ. ನಿರ್ಮಲವಾದ ಹೊಳೆಯ ನೀರಿನಲ್ಲಾದರೋ ಲೀಟರಿಗೆ ಎಂಟೊಂಬತ್ತು ಮಿಲಿಗ್ರಾಂ ಆಮ್ಲಜನಕ ಮಾತ್ರ ಕರಗಿರುತ್ತದೆ. ಲೆಕ್ಕ ಬಲ್ಲ ನಮ್ಮ ಗುಮಾಸ್ತ ಮಿತ್ರರು ಕೂಡಲೇ ಕಂಡುಕೊಳ್ಳುವಂತೆ, ಒಂದು ಕೊಡ ಕೊಳಚೆಯು ಇಪ್ಪತ್ತೈದು ಮೂವತ್ತು ಕೊಡ ಹೊಳೆನೀರಿನ ಉಸಿರನ್ನು ಕುಡಿದುಬಿಡಬಲ್ಲುದು. ಮೀನುಗಳು ಸಾಯುವುದು ಹೊಲಸಿನಿಂದಲೇ ಅಲ್ಲ, ಅನೇಕ ಸಲ ಉಸಿರುಗಟ್ಟಿ.

ಹಾಗಾದರೆ ಆಮ್ಲಜನಕವನ್ನು ಹೊರಗಿನಿಂದ ಒದಗಿಸಬೇಕು. ದೊಡ್ಡ ನಗರಗಳಲ್ಲಿ ಯಂತ್ರಗಳಿಂದ ಗಾಳಿಯನ್ನು ನೀರಿಗೆ ಊದುತ್ತಾರೆ. ಅದಕ್ಕೆ ಹಗಲಿರುಳೂ ವಿದ್ಯುಚ್ಛಕ್ತಿ ಬೇಕು, ನುರಿತ ಕೆಲಸಗಾರರು ಬೇಕು. ಕೊಳದಲ್ಲಾದರೆ ಆ ಕೆಲಸವನ್ನು ಪಾಚಿ ಮಾಡುತ್ತದೆ. ಒಂದೂವರೆ ಮೀಟರಿಗಿಂತ ಹೆಚ್ಚು ಆಳವಿಲ್ಲದ ಅಗಲವಾದ ಕೊಳದಲ್ಲಿ ಕೊಳಚೆಯನ್ನು ವಾರಗಟ್ಟಲೆ ನಿಲ್ಲಿಸಿದರೆ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹಸಿರು ಪಾಚಿಯು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಅಣುಜೀವಿಗಳು ಬಿಡುವ ಇಂಗಾಲಾಮ್ಲವನ್ನು ಪಾಚಿಯು ಹೀರಿ, ಬಿಸಿಲಿನ ಬಲದಿಂದ ಆಮ್ಲಜನಕವನ್ನು ಬಿಡುತ್ತದೆ. ಆ ಆಮ್ಲಜನಕವನ್ನು ಅಣುಜೀವಿಗಳು ಬಳಸುತ್ತವೆ. ನಮ್ಮವರ ಹೋಟೆಲುಗಳಲ್ಲಿ ಒಬ್ಬನು ಅಡುಗೆಯನ್ನೂ ಇನ್ನೊಬ್ಬನು ಗಲ್ಲೆಯನ್ನೂ ನೋಡಿಕೊಂಡು ನಡೆಸುವ ಪಾಲುದಾರಿಕೆಯಂತೆ ಇದು. ಬಂಡವಾಳ ಮಾತ್ರ ಸೂರ್ಯನದು, ಅದಕ್ಕೆ ಬಡ್ಡಿಯಿಲ್ಲ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಆಸ್ವಾಲ್ಡ್ ಮತ್ತು ಹೆರಾಲ್ಡ್ ಗೋಟಾಸ್ ಎಂಬ ವಿಜ್ಞಾನಿಗಳು ಈ ವ್ಯವಹಾರದ ಜಮಾಖರ್ಚನ್ನು ಲೆಕ್ಕಹಾಕಿ ತೋರಿಸಿದರು.

ಕೊಳದ ತಳದಲ್ಲಿ ಬೇರೊಂದು ಕೆಲಸ ನಡೆಯುತ್ತದೆ. ಅಲ್ಲಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಗಾಳಿಯಿಲ್ಲದೆ ಬದುಕುವ ಬೇರೆ ಜಾತಿಯ ಅಣುಜೀವಿಗಳು ಕೆಳಕ್ಕಿಳಿದ ಕೆಸರನ್ನು ಮೆಲ್ಲಮೆಲ್ಲನೆ ಕರಗಿಸುತ್ತವೆ. ಹೊಟ್ಟೆಯ ಜಂತುಹುಳುಗಳ ಮೊಟ್ಟೆಗಳು ತಮ್ಮ ಭಾರದಿಂದಲೇ ತಳ ಸೇರುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಪಾಚಿಯು ಭರದಿಂದ ಕೆಲಸ ಮಾಡುವಾಗ ನೀರಿಗೆ ಕ್ಷಾರಗುಣವು ಬಂದು, ಬಿಸಿಲೂ ಅದೂ ಸೇರಿ ರೋಗಾಣುಗಳನ್ನು ಕೊಲ್ಲುತ್ತವೆ. ಇಷ್ಟೆಲ್ಲಕ್ಕೂ ಬೇಕಾದುದು ಮೂರೇ: ಜಾಗ, ಬಿಸಿಲು, ತಾಳ್ಮೆ.

ಇದನ್ನು ಮೊದಲು ಕಂಡುಹಿಡಿದವರು ಯಾರೆಂದು ಕೇಳಿದರೆ ಬಡತನವೇ ಎನ್ನಬೇಕು. ಅಮೆರಿಕದ ಉತ್ತರ ಡಕೋಟ ಸಂಸ್ಥಾನದ ಫೆಸೆಂಡನ್ ಎಂಬ, ಸಾವಿರ ಜನರೂ ಇಲ್ಲದ ಊರಿಗೆ ಒಳಚರಂಡಿ ಬಂದಾಗ ಅದರ ನೀರನ್ನು ಬಿಡಲು ಹತ್ತಿರ ಹೊಳೆಯಿರಲಿಲ್ಲ. ಶುದ್ಧೀಕರಣಕ್ಕೆ ಕಟ್ಟಡ ಕಟ್ಟಲು ಹಣವೂ ಇರಲಿಲ್ಲ. 1928ರಲ್ಲಿ ಊರ ಹೊರಗಿನ ಒಂದು ತಗ್ಗಿಗೆ ಆ ನೀರನ್ನು ಬಿಟ್ಟರು. ದುರ್ನಾತವೆದ್ದು ರಾದ್ಧಾಂತವಾಗುವುದೆಂದು ಎಲ್ಲರೂ ಭಾವಿಸಿರಬೇಕು, ಆಗಲಿಲ್ಲ. ನೀರು ಹಸಿರಾಯಿತು, ತಿಳಿಯಾಯಿತು. ಬಹಳ ವರ್ಷಗಳ ಬಳಿಕ ಎಂಜಿನಿಯರುಗಳು ಬಂದು ಪರೀಕ್ಷಿಸಿದಾಗ ಕಂಡ ಫಲಿತಾಂಶವು ಅವರನ್ನೇ ಬೆರಗುಗೊಳಿಸಿತು. 1948ರಲ್ಲಿ ಅದೇ ಸಂಸ್ಥಾನದ ಮ್ಯಾಡಕ್ ಎಂಬ ಊರಿನಲ್ಲಿ ಲೆಕ್ಕಾಚಾರದಿಂದ ಯೋಜಿಸಿದ ಕೊಳವು ಸಿದ್ಧವಾಯಿತು. ಅಲ್ಲಿಂದ ಮುಂದೆ ಸಣ್ಣ ಊರುಗಳಿಗೆ ಇದೊಂದು ರಾಜಮಾರ್ಗವೇ ಆಯಿತು.

ಒಂದು ಶಬ್ದದ ಮೇಲೆ ನಿಂತ ಊರು

ಈಗ ಆರ್ಕೇಟಕ್ಕೆ ಮರಳೋಣ. 1972ರಲ್ಲಿ ಅಮೆರಿಕದ ಕೇಂದ್ರ ಶಾಸನಸಭೆಯು ಜಲಶುದ್ಧಿಯ ಪ್ರಸಿದ್ಧ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಶುದ್ಧೀಕರಣದ ಕಟ್ಟಡಗಳಿಗೆ ತಗಲುವ ವೆಚ್ಚದಲ್ಲಿ ನೂರಕ್ಕೆ ಎಪ್ಪತ್ತೈದು ಪಾಲನ್ನು ಕೇಂದ್ರ ಸರಕಾರವೇ ಕೊಡುವುದೆಂದಾಯಿತು. 1974ರಲ್ಲಿ ಕ್ಯಾಲಿಫೋರ್ನಿಯದ ಜಲ ನಿಯಂತ್ರಣ ಮಂಡಲಿಯು ಕೊಲ್ಲಿಗಳ ಮತ್ತು ಅಳಿವೆಗಳ ಬಗ್ಗೆ ಒಂದು ನೀತಿಯನ್ನು ಹೊರಡಿಸಿ, ಶುದ್ಧೀಕರಿಸಿದ ಕೊಳಚೆಯನ್ನೂ ಅಂಥ ಕಡೆ ಬಿಡುವುದನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ವಿಧಿಸಿತು. ಎರಡೂ ಸದುದ್ದೇಶದವೇ. ಆದರೆ ಎರಡೂ ಕೂಡಿದಾಗ ಹುಟ್ಟಿದ್ದು ಒಂದು ಭಾರಿ ಯೋಜನೆ: ಹಂಬೋಲ್ಟ್ ಕೊಲ್ಲಿಯ ಸುತ್ತಲಿನ ಯುರೇಕ, ಆರ್ಕೇಟ ಮೊದಲಾದ ಊರುಗಳ ಕೊಳಚೆಯನ್ನೆಲ್ಲ ಕೊಳವೆಗಳಲ್ಲಿ ಒಟ್ಟುಗೂಡಿಸಿ, ಕೊಲ್ಲಿಯ ತಳದ ಕೆಳಗಿಂದ ಹಾಯಿಸಿ, ಒಂದೇ ದೊಡ್ಡ ಕಾರ್ಖಾನೆಯಲ್ಲಿ ಶುದ್ಧಮಾಡಿ, ಆಚೆಯ ಮಹಾಸಾಗರಕ್ಕೆ ಬಿಡುವುದು. ಇದಕ್ಕಾಗಿ ಒಂದು ಪ್ರಾದೇಶಿಕ ಪ್ರಾಧಿಕಾರವೂ ರಚಿತವಾಯಿತು.

ಮುಕ್ಕಾಲು ಪಾಲು ಹಣ ಮೇಲಿನಿಂದ ಬರುವಾಗ ಬೇಡವೆನ್ನುವವರು ಹುಚ್ಚರೇ ಇರಬೇಕೆಂದು ತೋರಬಹುದು. ಆದರೆ ಆರ್ಕೇಟದವರು ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಿದರು. ಕಟ್ಟುವಾಗಿನ ಖರ್ಚನ್ನು ಸರಕಾರ ಕೊಡುವುದು ನಿಜ. ಕಟ್ಟಿದ ಮೇಲೆ ಪಂಪುಗಳನ್ನು ನಡೆಸುವ ವಿದ್ಯುತ್ತಿನ ಬಿಲ್ಲನ್ನು ತೆರುವವರು ಯಾರು? ಭೂಕಂಪಗಳ ಆ ಸೀಮೆಯಲ್ಲಿ ಕೊಲ್ಲಿಯ ಕೆಳಗಿನ ಕೊಳವೆ ಒಡೆದರೆ ಗತಿಯೇನು? ಇಷ್ಟಕ್ಕೂ ತಮ್ಮ ಕೊಳಗಳು ಮಾಡುತ್ತಿರುವ ತಪ್ಪೇನು? ಊರಿಗೆ ಬೇಕಿದ್ದುದು ಆ ಕೊಳಗಳಿಗೆ ಇನ್ನೊಂದು ಮೆಟ್ಟಲು ಮಾತ್ರ. ಸರಕಾರ ಕೊಡುತ್ತಿದ್ದುದು ಹೊಸ ಮಹಡಿ. ನಮ್ಮಲ್ಲಿಯೂ ದೊಡ್ಡ ಸಾಲ ಸಿಕ್ಕಿತೆಂದು ದೊಡ್ಡ ಹೋಟೆಲು ಹಾಕಿ, ತಿಂಗಳ ಬಾಡಿಗೆ ಕಟ್ಟಲಾರದೆ ಮುಚ್ಚಿದವರ ಉದಾಹರಣೆಗಳು ಇಲ್ಲದಿಲ್ಲ.

ಊರಿನ ಭಾಗ್ಯಕ್ಕೆ ಅಲ್ಲಿ ಒಂದು ಕಾಲೇಜಿದ್ದಿತು. ಅಂದು ಹಂಬೋಲ್ಟ್ ಸ್ಟೇಟ್ ಎಂದು ಹೆಸರಾಗಿದ್ದ ಆ ವಿದ್ಯಾಸಂಸ್ಥೆಯಲ್ಲಿ ಮತ್ಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾರ್ಜ್ ಅಲೆನ್ ಎಂಬವರು ಆ ಮೊದಲೇ ಒಂದು ವಿಚಿತ್ರ ಪ್ರಯೋಗವನ್ನು ನಡೆಸಿದ್ದರು. ಶುದ್ಧಿಕೊಳದಿಂದ ಹೊರಬಂದ ನೀರಿಗೆ ಸಮುದ್ರದ ನೀರನ್ನು ಬೆರೆಸಿ, ಅದರಲ್ಲಿ ಸ್ಯಾಮನ್ ಮೀನಿನ ಮರಿಗಳನ್ನು ಸಾಕುತ್ತಿದ್ದರು. (ಮುಂಬಯಿಯ ಮಾರುಕಟ್ಟೆಯಲ್ಲಿ ರಾವಸನ್ನು ಇಂಡಿಯನ್ ಸ್ಯಾಮನ್ ಎಂದು ಕರೆಯುವುದುಂಟು, ಅದು ಬೇರೆ ಜಾತಿ.) ನೀರಿನ ಗುಣದ ವಿಷಯದಲ್ಲಿ ಸ್ಯಾಮನ್ ಬಲು ನಾಜೂಕಿನ ಮೀನು, ಸ್ವಲ್ಪ ಕೆಟ್ಟರೂ ಸಹಿಸದು. ಅಂಥ ಮೀನಿನ ಮರಿಗಳು ಊರಿನ ಮೋರಿಯಿಂದ ಬಂದ ನೀರಿನಲ್ಲಿ ಬೆಳೆದುವು. ಬೆಳೆದವನ್ನು ಹೊರಗೆ ಬಿಟ್ಟಾಗ ಸಾಗರಕ್ಕೆ ಹೋದುವು, ಅವುಗಳಲ್ಲಿ ಕೆಲವು ದೊಡ್ಡವಾಗಿ ಹಿಂದಿರುಗಿಯೂ ಬಂದುವು. ಇದನ್ನು ಕಣ್ಣಾರೆ ಕಂಡ ಊರಿನವರಿಗೆ ತಮ್ಮ ಕೊಳದ ಮೇಲೆ ನಂಬಿಕೆ ಹುಟ್ಟಿದುದು ಆಶ್ಚರ್ಯವಲ್ಲ.

ಅದೇ ಸಂಸ್ಥೆಯ ಎಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ಗಿಯರ್‌ಹಾರ್ಟ್, ಪಟ್ಟಣದ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥ ಫ್ರಾಂಕ್ ಕ್ಲಾಪ್, ನಗರಸಭೆಯ ಸದಸ್ಯ ಡ್ಯಾನ್ ಹೌಸರ್ ಮೊದಲಾದವರು ಅಲೆನ್ನರೊಡನೆ ಕೂಡಿದರು. ಇವರ ಸಲಹೆ ಹೀಗಿತ್ತು: ಕೊಳಗಳಿಂದ ಹೊರಬಂದ ನೀರನ್ನು ನೇರವಾಗಿ ಕೊಲ್ಲಿಗೆ ಬಿಡದೆ, ಜಂಬುಹುಲ್ಲು ಬೆಳೆದ ಜೌಗು ಪ್ರದೇಶದ ಮೂಲಕ ಹಾಯಿಸೋಣ. ಕೊಳದ ನೀರಿನಲ್ಲಿ ಉಳಿದಿರುವ ದೋಷವೆಂದರೆ ಪಾಚಿಯೇ. ಸೇವೆ ಮಾಡಿದ ಪಾಚಿಯು ನೀರಿನೊಡನೆ ಹೊರಗೆ ಹೋದರೆ ಅದೂ ಒಂದು ಕೊಳೆಯೇ. ದಟ್ಟವಾದ ಹುಲ್ಲಿನ ನೆರಳಿನಲ್ಲಿ ಬೆಳಕಿಲ್ಲದೆ ಪಾಚಿಯು ಸಾಯುತ್ತದೆ, ಕಾಂಡಗಳ ನಡುವೆ ನಿಂತ ನೀರಿನಲ್ಲಿ ಕೆಳಕ್ಕಿಳಿಯುತ್ತದೆ. ಕಾಂಡಗಳಿಗೆ ಅಂಟಿದ ಅಣುಜೀವಿಗಳು ಉಳಿದುದನ್ನು ಮುಗಿಸುತ್ತವೆ.

ಕಾನೂನಿನ ತೊಡಕು ಮಾತ್ರ ಹಾಗೆಯೇ ಇತ್ತು. ಕೊಲ್ಲಿಗೆ ಬಿಡಕೂಡದೆಂದ ಮೇಲೆ ಎಷ್ಟು ಶುದ್ಧವಾಗಿದ್ದರೇನು? ಇಲ್ಲಿ ಕಚೇರಿಯ ಕಾಗದಗಳ ನಡುವೆ ಆಯುಷ್ಯ ಕಳೆದವರಿಗೆ ರುಚಿಸುವ ಸಂಗತಿಯೊಂದಿದೆ. 1974ರ ನೀತಿಯಲ್ಲಿ ಒಂದು ಅಪವಾದವಿದ್ದಿತು: ನೀರನ್ನು ಬಿಡುವುದರಿಂದ ಕೊಲ್ಲಿಯ ಸ್ಥಿತಿಯು ಬಿಡದಿರುವಾಗಿನದಕ್ಕಿಂತ ಉತ್ತಮವಾಗುವುದೆಂದು ತೋರಿಸಿದರೆ ಅನುಮತಿ ಕೊಡಬಹುದು. ಹೀಗೆ ಉತ್ತಮಗೊಳಿಸುವುದು ಎಂದರೇನೆಂದು ಸ್ಪಷ್ಟವಾಗಿ ಬರೆದಿರಲಿಲ್ಲ. ಆ ಒಂದು ಶಬ್ದವನ್ನು ಆರ್ಕೇಟದವರು ಹಿಡಿದುಕೊಂಡರು. ನಮ್ಮ ನೀರಿನಿಂದ ಜೌಗು ಪ್ರದೇಶವು ಹುಟ್ಟುವುದು, ಅಲ್ಲಿ ಹಕ್ಕಿಗಳು ಬರುವುವು, ಮೀನು ಬೆಳೆಯುವುದು, ಜನರು ತಿರುಗಾಡುವರು, ಮಕ್ಕಳು ಕಲಿಯುವರು. ಇದು ಉತ್ತಮಗೊಳಿಸುವುದಲ್ಲದೆ ಮತ್ತೇನು ಎಂದು ವಾದಿಸಿದರು. ವಿಚಾರಣೆಗಳ ಮೇಲೆ ವಿಚಾರಣೆಗಳು ನಡೆದುವು. ಮಂಡಲಿಯವರು ಮೊದಲು ಒಪ್ಪಲಿಲ್ಲ. ಕೊನೆಗೆ, ನಿಮ್ಮ ಮಾತನ್ನು ಪ್ರಯೋಗದಿಂದ ಸಿದ್ಧಪಡಿಸಿರಿ ಎಂದರು. 1979ರಿಂದ ಸುಮಾರು ಮೂರು ವರ್ಷಗಳ ಕಾಲ ಗದ್ದೆಯ ಮಡಿಗಳಂಥ ಸಣ್ಣ ಸಣ್ಣ ಪಾತಿಗಳಲ್ಲಿ ಹುಲ್ಲು ಬೆಳೆಸಿ, ನೀರನ್ನು ಹರಿಸಿ, ಅಳೆದು, ಬರೆದಿಟ್ಟರು. ಅಂಕಿಗಳು ಊರಿನ ಪಕ್ಷದಲ್ಲಿದ್ದುವು. ಪ್ರಾದೇಶಿಕ ಯೋಜನೆಯು ಮೂಲೆ ಸೇರಿತು. 1986ರಲ್ಲಿ ಹೊಸ ವ್ಯವಸ್ಥೆಯು ಪೂರ್ಣರೂಪದಲ್ಲಿ ನಡೆಯತೊಡಗಿತು. ಮರುವರ್ಷ ಫೋರ್ಡ್ ಪ್ರತಿಷ್ಠಾನ ಮತ್ತು ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಹೊಸ ಆಡಳಿತ ಪ್ರಯೋಗಗಳಿಗೆಂದು ಕೊಡುವ ಒಂದು ಲಕ್ಷ ಡಾಲರಿನ ಪ್ರಶಸ್ತಿಯು ಆರ್ಕೇಟಕ್ಕೆ ಬಂದಿತು.

ಜೌಗಿಗೆ ಆರಿಸಿದ ಜಾಗವನ್ನು ಕುರಿತು ಎರಡು ಮಾತು. ಅದು ಊರಿನ ಅತ್ಯಂತ ಹೀನವಾದ ಜಾಗವಾಗಿದ್ದಿತು. ಪಾಳುಬಿದ್ದ ಮರದ ಮಿಲ್ಲುಗಳು, ದಿಮ್ಮಿಗಳನ್ನು ತೇಲಿಸುತ್ತಿದ್ದ ಹೊಂಡ, 1973ರಲ್ಲಿ ಮುಚ್ಚಿದ ಪುರಸಭೆಯ ಕಸದ ದಿಬ್ಬ, ಇವು ಅಲ್ಲಿದ್ದ ಆಸ್ತಿ. ಕಸದ ದಿಬ್ಬಕ್ಕೆ ಮಣ್ಣು ಹೊದಿಸಲು ಅಗೆದಾಗ ಉಂಟಾದ ಗುಂಡಿಯೇ ಒಂದು ಜೌಗಾಯಿತು. ದಿಮ್ಮಿಗಳನ್ನು ಪೇರಿಸುತ್ತಿದ್ದ ಅಂಗಳ ಇನ್ನೊಂದಾಯಿತು. ದನಗಳ ಹುಲ್ಲುಗಾವಲು ಮೂರನೆಯದು. ಈ ಮೂರಕ್ಕೂ ಅಲೆನ್, ಗಿಯರ್‌ಹಾರ್ಟ್, ಹೌಸರ್ ಇವರ ಹೆಸರುಗಳನ್ನೇ ಇಟ್ಟಿದ್ದಾರೆ. ರಾಜಕಾರಣಿಗಳ ಹೆಸರಿನ ರಸ್ತೆಗಳನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಮೋರಿಯ ನೀರು ಹಾಯುವ ಜೌಗಿಗೆ ತನ್ನ ಹೆಸರನ್ನು ಇಡಿಸಿಕೊಂಡ ನಗರಸಭಾ ಸದಸ್ಯನು ಅಪರೂಪವೇ ಸರಿ.

ನೀರಿನ ಪ್ರಯಾಣ ಈ ರೀತಿ ಸಾಗುತ್ತದೆ. ಊರಿನಿಂದ ಬಂದ ಕೊಳಚೆಯಿಂದ ಮೊದಲು ಚಿಂದಿ, ಕಡ್ಡಿ, ಮರಳುಗಳನ್ನು ಬೇರ್ಪಡಿಸುತ್ತಾರೆ. ಅನಂತರ ತೊಟ್ಟಿಗಳಲ್ಲಿ ಕೆಸರನ್ನು ಇಳಿಸಿ ತೆಗೆದು, ಮುಚ್ಚಿದ ಪಾತ್ರೆಗಳಲ್ಲಿ ಕೊಳೆಯಿಸುತ್ತಾರೆ. ನೀರು ಶುದ್ಧಿಕೊಳಗಳಿಗೆ ಹೋಗಿ ಅಲ್ಲಿ ವಾರಗಟ್ಟಲೆ ತಂಗುತ್ತದೆ. ಅಲ್ಲಿಂದ ಹುಲ್ಲಿನ ಜೌಗು, ಅಲ್ಲಿಂದ ರೋಗಾಣುಗಳ ನಾಶಕ್ಕೆ ಕ್ಲೋರೀನು, ಆ ಬಳಿಕ ಹೆಸರಿಟ್ಟ ಮೂರು ದೊಡ್ಡ ಜೌಗುಗಳು. ಅಲ್ಲಿ ಸಾವಿರಾರು ಹಕ್ಕಿಗಳ ಹಿಕ್ಕೆ ನೀರಿಗೆ ಬೀಳುವುದರಿಂದ ಕೊಲ್ಲಿಗೆ ಬಿಡುವ ಮೊದಲು ಮತ್ತೊಮ್ಮೆ ಕ್ಲೋರೀನಿನ ಸ್ನಾನ, ಆಮೇಲೆ ಆ ಕ್ಲೋರೀನನ್ನೂ ತೆಗೆದುಹಾಕುವ ಕ್ರಿಯೆ. ಇದು ದಶಕಗಳ ಕಾಲ ನಡೆದು ಬಂದ ಕ್ರಮ. ಇತ್ತೀಚಿನ ವರ್ಷಗಳಲ್ಲಿ ಕ್ಲೋರೀನಿಗೆ ಬದಲಾಗಿ ಅತಿನೇರಳೆ ಕಿರಣಗಳನ್ನು ಬಳಸುವ ಸುಧಾರಣೆಯನ್ನು ಪಟ್ಟಣವು ಕೈಗೊಂಡಿದೆ. ಇಡೀ ವ್ಯವಸ್ಥೆಯನ್ನು ದಿನಕ್ಕೆ ಸರಾಸರಿ 23 ಲಕ್ಷ ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 87 ಲಕ್ಷ ಲೀಟರು ನೀರಿಗೆಂದು ರಚಿಸಲಾಗಿದೆ. ಕೊಳಗಳೂ ಜೌಗುಗಳೂ ಸೇರಿ 307 ಎಕರೆಯ ವನ್ಯಜೀವಿಧಾಮವಾಗಿದೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಅಲ್ಲಿ ಗುರುತಿಸಿದ್ದಾರೆ. ಜನರು ದುರ್ಬೀನು ಹಿಡಿದು ನೋಡಲು ಬರುತ್ತಾರೆ. ಮಕ್ಕಳ ಬಂಡಿಗಳನ್ನು ತಳ್ಳಿಕೊಂಡು ತಾಯಂದಿರು ಒಡ್ಡಿನ ಮೇಲೆ ನಡೆದಾಡುತ್ತಾರೆ. ಕೊಳಚೆಯ ಕಾರ್ಖಾನೆಯನ್ನು ನೋಡಲು ಪ್ರವಾಸಿಗರು ಬರುವ ಊರು ಲೋಕದಲ್ಲಿ ಎಷ್ಟಿರಬಹುದು!

ಭಾಂಡುಪ್ ಮತ್ತು ನಾಗಪುರ

ಮುಂಬಯಿಯಲ್ಲಿರುವ ನಮಗೂ ಈ ವಿದ್ಯೆಗೂ ಸಂಬಂಧವೇನೂ ಇಲ್ಲವೆಂದು ತಿಳಿಯಬಾರದು. ಈ ನಗರದ ಪೂರ್ವ ಉಪನಗರಗಳಾದ ಭಾಂಡುಪ್ ಮತ್ತು ಘಾಟ್ಕೋಪರಗಳಲ್ಲಿ ನಮ್ಮವರು ನಡೆಸುವ ಎಷ್ಟೋ ಹೋಟೆಲುಗಳ, ಚಾಳುಗಳ ನೀರು ಲಗೂನುಗಳಿಗೇ ಹೋಗುವ ಏರ್ಪಾಡನ್ನು ಈ ಶತಮಾನದ ಆರಂಭದಲ್ಲಿ ಮಾಡಲಾಯಿತು. ಆದರೆ ಮುಂಬಯಿಯಲ್ಲಿ ಆರ್ಕೇಟದಂತೆ ಕೈಕಾಲು ಚಾಚಲು ಜಾಗವೆಲ್ಲಿದೆ? ಆದುದರಿಂದ ಇಲ್ಲಿ ಕಟ್ಟಿದವು ಯಂತ್ರದಿಂದ ನೀರನ್ನು ಕಡೆದು ಗಾಳಿ ಬೆರೆಸುವ ಲಗೂನುಗಳು. ಪಾಚಿಯ ಕೆಲಸವನ್ನು ಮೋಟಾರು ಮಾಡುತ್ತದೆ; ಜಾಗದ ಉಳಿತಾಯವನ್ನು ವಿದ್ಯುತ್ತಿನ ಬಿಲ್ಲಿನಲ್ಲಿ ತೆರಬೇಕು. ಅವುಗಳ ಸ್ಥಾನದಲ್ಲಿ ಹೆಚ್ಚು ಕಟ್ಟುನಿಟ್ಟಿನ ಹೊಸ ಕಾರ್ಖಾನೆಗಳನ್ನು ನಿರ್ಮಿಸುವ ಕಾರ್ಯವನ್ನು ನಗರಪಾಲಿಕೆಯು ಕೈಗೆತ್ತಿಕೊಂಡಿದೆ. ಕೋಟಿಗಟ್ಟಲೆ ಜನರಿರುವ ನಗರಕ್ಕೆ ಬೇರೆ ಹಾದಿಯಿಲ್ಲ.

ಸಣ್ಣ ಊರುಗಳ ಮಾತು ಬೇರೆ. ನಾಗಪುರದಲ್ಲಿ 1958ರಲ್ಲಿ ಸ್ಥಾಪಿತವಾಗಿ, 1974ರಿಂದ ನೀರಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಕೇಂದ್ರ ಸಂಶೋಧನಾಲಯವು ನಮ್ಮ ದೇಶದ ಬಿಸಿಲಿನಲ್ಲಿ ಇಂಥ ಕೊಳಗಳು ಹೇಗೆ ನಡೆಯುತ್ತವೆಂಬುದನ್ನು ಬಹಳ ಹಿಂದೆಯೇ ಪರಿಶೀಲಿಸಿತು. ಸೋಲಿ ಅರ್ಸೀವಾಲಾ ಮತ್ತು ಸಂಗಡಿಗರು 1970ರಲ್ಲಿ ಈ ವಿಷಯದ ಮೇಲೆ ಒಂದು ಕೈಪಿಡಿಯನ್ನೇ ಹೊರತಂದರು. ಚಳಿಗಾಲದಲ್ಲಿ ಕೊಳದ ಮೇಲೆ ಮಂಜುಗಡ್ಡೆ ಕಟ್ಟುವ ಡಕೋಟದಲ್ಲಿ ಬೇಕಾದ ಜಾಗದ ಒಂದು ಸಣ್ಣ ಅಂಶವೇ ನಮ್ಮಲ್ಲಿ ಸಾಕಾಗುತ್ತದೆ. ವರ್ಷದ ಬಹುಭಾಗ ಸೂರ್ಯನು ನಮ್ಮ ಪಾಲುದಾರ. ಆದರೂ ನಮ್ಮ ಎಷ್ಟೋ ಪಟ್ಟಣಗಳಲ್ಲಿ ಮೋರಿಯ ನೀರು ಇಂದಿಗೂ ಊರ ಕೆರೆಗೇ ಇಳಿಯುತ್ತಿರುವುದನ್ನು ರಜೆಯಲ್ಲಿ ಊರಿಗೆ ಹೋದವರು ಮೂಗು ಮುಚ್ಚಿಕೊಂಡು ಕಾಣುತ್ತಾರೆ. ಕೆರೆಗೂ ಶುದ್ಧಿಕೊಳಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಮರೆಯಬಾರದು. ಕೊಳವನ್ನು ಬರುವ ಕೊಳಚೆಯ ಅಳತೆಗೆ ಸರಿಯಾಗಿ ಕಟ್ಟಿರುತ್ತಾರೆ. ಕೆರೆಯನ್ನು ನಮ್ಮ ಹಿರಿಯರು ಕುಡಿಯಲಿಕ್ಕೂ ಗದ್ದೆಗೂ ಕಟ್ಟಿದರು.

ಕೊಳವೆಂದರೆ ತೋಡಿ ಬಿಟ್ಟುಬಿಡುವ ಗುಂಡಿಯೂ ಅಲ್ಲ. ದಡದಲ್ಲಿ ಕಳೆ ಬೆಳೆಯಲು ಬಿಟ್ಟರೆ ಸೊಳ್ಳೆ ಹುಟ್ಟುವುದು ಖಂಡಿತ. ಅಳತೆಗೆ ಮೀರಿ ಕೊಳಚೆ ಬಿಟ್ಟರೆ ಪಾಚಿಯು ಸೋತು, ನೀರು ಕಪ್ಪಾಗಿ, ನಾತವೆದ್ದು ಸುತ್ತಲಿನವರು ಶಾಪ ಹಾಕುತ್ತಾರೆ. ಹಲವು ವರ್ಷಗಳಿಗೊಮ್ಮೆ ತಳದ ಕೆಸರನ್ನು ತೆಗೆಸಬೇಕು. ಇವೆಲ್ಲ ದೊಡ್ಡ ವಿದ್ಯೆಯ ಕೆಲಸಗಳಲ್ಲ, ಆದರೆ ತಪ್ಪದೆ ಮಾಡುವ ಒಬ್ಬ ಮನುಷ್ಯನು ಬೇಕು. ಉದ್ಘಾಟನೆಯ ಕಲ್ಲಿನ ಮೇಲೆ ಆ ಮನುಷ್ಯನ ಹೆಸರು ಇರುವುದಿಲ್ಲ. ಅವನ ಸಂಬಳದ ವಿಷಯವನ್ನೇ ಅನೇಕ ಪುರಸಭೆಗಳು ಮರೆಯುತ್ತವೆ.

ಆರ್ಕೇಟಕ್ಕೂ ಕಷ್ಟಗಳು ತಪ್ಪಿಲ್ಲ. ಮಳೆಗಾಲದಲ್ಲಿ ಊರಿನ ಹಳೆಯ ಕೊಳವೆಗಳ ಬಿರುಕುಗಳಿಂದ ಮಳೆನೀರು ಒಳನುಗ್ಗಿ ಕೊಳಚೆಯ ಪ್ರಮಾಣವು ಒಮ್ಮೆಲೇ ಏರುತ್ತದೆ. ಯಂತ್ರಗಳು ಮುದಿಯಾಗಿವೆ, ಸರಕಾರದ ನಿಯಮಗಳು ಹಿಂದಿಗಿಂತ ಬಿಗಿಯಾಗಿವೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಸಮುದ್ರದ್ದು. ಒಂದು ಕಡೆ ಸಮುದ್ರದ ಮಟ್ಟ ಏರುತ್ತಿದೆ, ಇನ್ನೊಂದು ಕಡೆ ಹಂಬೋಲ್ಟ್ ಕೊಲ್ಲಿಯ ನೆಲವೇ ಕುಸಿಯುತ್ತಿದೆ. ಎರಡೂ ಸೇರಿ, ನೆಲಕ್ಕೆ ಹೋಲಿಸಿದರೆ ಸಮುದ್ರವು ಏರುವ ವೇಗವು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಅತ್ಯಂತ ಹೆಚ್ಚಾಗಿರುವುದು ಇಲ್ಲಿಯೇ. ಕೊಳಗಳನ್ನು ಕೊಲ್ಲಿಯಿಂದ ಬೇರ್ಪಡಿಸಿರುವುದು ಮಣ್ಣಿನ ಒಡ್ಡು. ಅದನ್ನು ಎತ್ತರಿಸುತ್ತ ಹೋಗಬೇಕೇ, ಅಥವಾ ಎಂದಾದರೊಂದು ದಿನ ಶುದ್ಧೀಕರಣವನ್ನೇ ಮೇಲಿನ ನೆಲಕ್ಕೆ ಒಯ್ಯಬೇಕೇ ಎಂಬ ಚರ್ಚೆಯು ಈಗ ಆ ಊರಿನ ನಗರಸಭೆಯಲ್ಲಿ ನಡೆಯುತ್ತಿದೆ. ದೊಡ್ಡ ಕೊಳವೆಯನ್ನು ಬೇಡವೆಂದವರ ಮಕ್ಕಳೂ ಮೊಮ್ಮಕ್ಕಳೂ ಆ ಚರ್ಚೆಯನ್ನು ನಡೆಸುವ ವಯಸ್ಸಿಗೆ ಬಂದಿದ್ದಾರೆ. ಅಷ್ಟರವರೆಗೆ ಒಡ್ಡಿನ ಮೇಲಿನ ಕಾಲುದಾರಿ ತೆರೆದಿದೆ; ಶನಿವಾರ ಬೆಳಿಗ್ಗೆ ಹಕ್ಕಿಗಳನ್ನು ನೋಡುವವರು ಎಂದಿನಂತೆ ಅಲ್ಲಿ ಕೂಡುತ್ತಾರೆ.